ಮಲ್ಲೇಶ್ವರದ ಮೂಲಕ

ಮಲ್ಲೇಶ್ವರ
೧೪ ಜೂನ್ ೧೯೯೮

ಚಿರಂಜೀವಿ ಸಂಕರ್ಷಣನಿಗೆ ಅಕ್ಕನ ಆಶೀರ್ವಾದ. ಮೊಣಕಾಲು ಮತ್ತು ಕಿವಿ ಬಿಟ್ಟು ಉಳಿದದ್ದೆಲ್ಲ ಇಲ್ಲಿ ಕ್ಷೇಮ.

ಫೋನು ಹಾಕಿಸಿಕೊಡುತ್ತೇನೆ ಎಂದು ಮತ್ತೆ ಬರೆದಿದ್ದೀಯ. ಬೇಡಪ್ಪ. ಪಕ್ಕದ ಮನೆ ಮುನಿಲಕ್ಷ್ಮಮ್ಮನ ಫೋನಿನಲ್ಲಿ ಒಮ್ಮೆ ಪ್ರಯತ್ನಿಸಿದ್ದೆನಲ್ಲ, ಕಿವಿಯೊಳಗೆ ಜೀರುಂಡೆ ಬಿಟ್ಟ ಹಾಗಾಯಿತು. ಮೂವತ್ತನಾಲ್ಕು ವರ್ಷ ಮಿಡ್ಲ್ ಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕಿವಿ ಹೋಯಿತು, ಕಣ್ಣು ಉಳಿದಿದೆ. ಆದ್ದರಿಂದ ಕಾಗದವೇ ಬರೆ.

ನಿಮ್ಮಿಬ್ಬರನ್ನು ನೆನೆದರೆ ಒಂದು ದಿನ ನಗು ಬರುತ್ತದೆ, ಇನ್ನೊಂದು ದಿನ ಮೈ ಉರಿಯುತ್ತದೆ. ವೆಂಕಟಾಚಲ ಬಸವನಗುಡಿಯಲ್ಲಿ, ನೀನು ಚಾಮರಾಜಪೇಟೆಯಲ್ಲಿ. ಬುಲ್ ಟೆಂಪಲ್ ರಸ್ತೆ ಹಿಡಿದು ನಡೆದರೆ ಇಪ್ಪತ್ತು ನಿಮಿಷ. ಒಡಹುಟ್ಟಿದ ಅಣ್ಣತಮ್ಮಂದಿರು ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದೀರಿ. ಅವನ ಸುದ್ದಿ ನಿನಗೆ, ನಿನ್ನ ಸುದ್ದಿ ಅವನಿಗೆ ಮುಟ್ಟಬೇಕಾದರೆ ಊರಿನ ಈ ತುದಿಯಲ್ಲಿರುವ ಕಿವುಡಿಯ ಮನೆಗೆ ಬಂದು ಹೋಗಬೇಕು.

ವೆಂಕಟ ಮೊನ್ನೆ ಕಾರ್ಡು ಹಾಕಿದ್ದ. ನಿನ್ನ ಬೆನ್ನುನೋವು ಹೇಗಿದೆ ಎಂದು ಕೇಳಿದ್ದಾನೆ.

ಇನ್ನೊಂದು ವಿಷಯ. ನೀನು ದಿನವಿಡೀ ಮಾಡುವ ಕೆಲಸವೇನು? ವಠಾರದಲ್ಲಿ ಕೇಳಿದವರಿಗೆ ಕಂಪ್ಯೂಟರಿಗೆ ವೈರು ಎಳೆಯುತ್ತಾನೆ ಎನ್ನುತ್ತೇನೆ. ಮುನಿಲಕ್ಷ್ಮಮ್ಮ, "ಓ, ಕರೆಂಟ್ ಕೆಲ್ಸಾನಾ" ಎನ್ನುತ್ತಾಳೆ. ನನಗೂ ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ನನಗೆ ಅರ್ಥವಾಗುವ ಹಾಗೆ ಬರೆ. ನಾನು ದಡ್ಡಿಯಲ್ಲ.

ಮಾಧವಿಗೆ ಆಶೀರ್ವಾದ ತಿಳಿಸು.

ನಿನ್ನ ಅಕ್ಕ
ಜಾನಕಮ್ಮ


ಚಾಮರಾಜಪೇಟೆ
೨೮ ಜೂನ್ ೧೯೯೮

ಅಕ್ಕನಿಗೆ ಸಂಕರ್ಷಣನ ನಮಸ್ಕಾರ.

ನನ್ನ ಕೆಲಸ ಏನೆಂದು ಕೇಳಿದ್ದೀಯ. ಒಂದು ಆಫೀಸಿನಲ್ಲಿ ಹತ್ತು ಕಂಪ್ಯೂಟರ್ ಇವೆ ಎಂದುಕೊ. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಸಿಗಬೇಕು. ಹಾಗೆ ಸಿಗುವಂತೆ ಅವನ್ನು ಜೋಡಿಸುವುದು ನನ್ನ ಕೆಲಸ. ಇದಕ್ಕೆ ನೆಟ್‌ವರ್ಕ್ ಎನ್ನುತ್ತಾರೆ.

ಮೊದಲು ನಾವು ಜೋಡಿಸುತ್ತಿದ್ದ ಕ್ರಮ ಬೇರೆ. ಟಿವಿ ಆಂಟೆನಾ ವೈರಿನಂಥ ಒಂದೇ ಉದ್ದನೆಯ ಕೇಬಲ್ ಈ ಗೋಡೆಯಿಂದ ಆ ಗೋಡೆಗೆ ಎಳೆದು, ದಾರಿಯುದ್ದಕ್ಕೂ ಕಂಪ್ಯೂಟರುಗಳನ್ನು ಅದಕ್ಕೆ ಸಿಕ್ಕಿಸುತ್ತಿದ್ದೆವು. ಎರಡು ತುದಿಯಲ್ಲೂ ಹೆಬ್ಬೆರಳುಗಾತ್ರದ ಒಂದೊಂದು ಮುಚ್ಚಳ. ಅದಿಲ್ಲದಿದ್ದರೆ ಕೇಬಲಿನಲ್ಲಿ ಹೋದ ಮಾತು ತುದಿಗೆ ಬಡಿದು ಹಿಂದಕ್ಕೆ ಬರುತ್ತದೆ, ಹೊಸದಾಗಿ ಹೊರಟ ಮಾತಿಗೆ ಡಿಕ್ಕಿ ಹೊಡೆಯುತ್ತದೆ, ಎಲ್ಲ ಕೆಡುತ್ತದೆ. ಒಂದು ಕಡೆ ಕಳಚಿದರೆ ಇಡೀ ಆಫೀಸು ಮೂಕ. ಎಲ್ಲಿ ಕಳಚಿದೆ ಎಂದು ಯಾವ ಯಂತ್ರವೂ ಹೇಳುವುದಿಲ್ಲ. ಮೇಜಿನ ಕೆಳಗೆ ಮಂಡಿಯೂರಿ ಒಂದೊಂದನ್ನೇ ನೋಡುತ್ತ ಹೋಗಬೇಕು.

ನಾಲ್ಕು ವರ್ಷದ ಹಿಂದೆ, ಅಪ್ಪನ ತಿಥಿಯ ದಿನ ಆದದ್ದು ಅದೇ. ಬೆಳಿಗ್ಗೆ ಏಳಕ್ಕೆ ಕರೆ ಬಂತು. ಅರ್ಧ ಗಂಟೆಯ ಕೆಲಸ ಎಂದುಕೊಂಡು ಹೋದೆ. ಕೊನೆಯ ಮೇಜಿನ ಹಿಂದೆ ಆ ಮುಚ್ಚಳ ಬಿದ್ದಿತ್ತು, ಪೊರಕೆ ತಗುಲಿರಬೇಕು. ನಾನು ಈ ತುದಿಯಿಂದ ಹುಡುಕಲು ಶುರುಮಾಡಿದ್ದೆ. ಆ ತುದಿಯಿಂದ ಶುರುಮಾಡಿದ್ದರೆ ಎಂಟಕ್ಕೆ ಮನೆಯಲ್ಲಿರುತ್ತಿದ್ದೆ. ಬಸವನಗುಡಿ ಮುಟ್ಟಿದಾಗ ಎರಡೂವರೆ. ಬ್ರಾಹ್ಮಣರ ಊಟ ಮುಗಿದು ಎಲೆ ತೆಗೆದಾಗಿತ್ತು. ಅಣ್ಣ ಹೊಸ್ತಿಲಲ್ಲೇ ನಿಂತು ಹೇಳಿದ್ದು ನಿನಗೆ ಕೇಳಿಸಿರಲಿಲ್ಲ, ಬರೆಯುತ್ತೇನೆ. "ಅಪ್ಪ ಬಂದ್ರು, ಊಟ ಮಾಡಿದ್ರು, ಹೋದ್ರು. ನಿನ್ನ ಕೇಳ್ಲಿಲ್ಲ. ಇನ್ಮೇಲೆ ನಿನ್ ಮನೇಲಿ ನೀನೇ ಮಾಡ್ಕೋ."

ಅಂದಿನಿಂದ ನಾನೇ ಮಾಡುತ್ತಿದ್ದೇನೆ. ಆದರೆ ಒಬ್ಬನೇ ಕೂತು ಎಳ್ಳುನೀರು ಬಿಡುವಾಗ ಅಪ್ಪ ಇಲ್ಲಿಗೆ ಬರುತ್ತಾರೆಂದು ನನಗೆ ನಂಬಿಕೆ ಹುಟ್ಟುವುದಿಲ್ಲ. ಅಣ್ಣನ ಪಕ್ಕದ ಮಣೆಯ ಮೇಲೆ ಮತ್ತೊಮ್ಮೆ ಕೂರಬೇಕು. ನನಗೆ ಬೇಕಿರುವುದು ಅದೊಂದೇ.

ಬೆನ್ನುನೋವು ಕಡಿಮೆಯಾಗಿದೆ ಎಂದು ಅಣ್ಣನಿಗೆ ಬರೆ. ಅವನು ಕೇಳಿದನಲ್ಲ ಎಂದು ಮಾಧವಿ ಎರಡು ಸಲ ಹೇಳಿದಳು.

ಸಂಕರ್ಷಣ


ಮಲ್ಲೇಶ್ವರ
೨ ಆಗಸ್ಟ್ ೧೯೯೮

ಚಿರಂಜೀವಿ ಸಂಕರ್ಷಣನಿಗೆ ಆಶೀರ್ವಾದ.

ನಿನ್ನ ಕಾಗದ ಮೂರು ಸಲ ಓದಿದೆ. ಕೇಬಲಿನ ವಿಷಯ ಒಂದೇ ಓದಿಗೆ ಅರ್ಥವಾಯಿತು. ಉಳಿದದ್ದಕ್ಕೆ ಮೂರು ಸಲ ಬೇಕಾಯಿತು.

ಮೊದಲಿನ ಕ್ರಮ ಬೇರೆ ಎಂದೆಯಲ್ಲ, ಈಗಿನದೇನು? ಈ ಕಿವುಡಿಯ ಮನೆಯ ಹಾಗೆ ನಡುವೆ ಯಾರಾದರೂ ಕೂತಿರುತ್ತಾರೋ? ಕೂತಿದ್ದರೆ, ಅವರು ಬಂದ ಮಾತನ್ನು ಬಂದ ಹಾಗೇ ದಾಟಿಸುತ್ತಾರೋ, ಇಲ್ಲಾ ತಮ್ಮದೂ ಒಂದು ಸೇರಿಸಬಹುದೋ?

ವೆಂಕಟನಿಗೆ ನಿನ್ನ ಬೆನ್ನಿನ ವಿಷಯ ಬರೆದೆ. ಸಂತೋಷಪಟ್ಟ. ನಿಮ್ಮ ಅತ್ತಿಗೆ ಹಲಸಿನ ಹಪ್ಪಳ ಮಾಡಿದ್ದಾಳಂತೆ. ಸಂಕರ್ಷಣನಿಗೆ ಇಷ್ಟ ಎಂದು ವೆಂಕಟ ನೆನಪು ಮಾಡಿಕೊಂಡನಂತೆ.

ಮಳೆ ಬಂದು ವಠಾರದ ನಲ್ಲಿ ಹತ್ತಿರ ಪಾಚಿ ಕಟ್ಟಿದೆ. ಜಾರಿ ಬೀಳುವ ಸರದಿ ಯಾರದೆಂದು ಕಾಯುತ್ತಿದ್ದೇವೆ.

ನಿನ್ನ ಅಕ್ಕ
ಜಾನಕಮ್ಮ


ಚಾಮರಾಜಪೇಟೆ
೨೩ ಆಗಸ್ಟ್ ೧೯೯೮

ಅಕ್ಕನಿಗೆ ನಮಸ್ಕಾರ.

ಹಪ್ಪಳದ ಮಾತು ಓದಿ ನಿಜವಾಗಿಯೂ ಕಣ್ಣು ತುಂಬಿತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ.

ಈಗ ಚಿಕ್ಕಪೇಟೆಯಲ್ಲಿ ದೊಡ್ಡಬೈರಪ್ಪ ಎಂಬವರ ಬಟ್ಟೆ ಅಂಗಡಿಯಲ್ಲಿ ಕೆಲಸ ನಡೆದಿದೆ. ಮೂರು ಮಹಡಿ, ಏಳು ಕಂಪ್ಯೂಟರ್. ಹೊಸ ಕ್ರಮದಲ್ಲಿ ಪ್ರತಿ ಕಂಪ್ಯೂಟರಿನಿಂದಲೂ ಒಂದೊಂದು ವೈರು ಹೊರಟು ನಡುವೆ ಇರುವ ಒಂದು ಪೆಟ್ಟಿಗೆಗೆ ಬಂದು ಸೇರುತ್ತದೆ. ಅದರ ಹೆಸರು ಹಬ್. ಒಂದು ವೈರು ಕಡಿದರೆ ಆ ಒಂದು ಕಂಪ್ಯೂಟರ್ ಮಾತ್ರ ಮೂಕ, ಉಳಿದವು ನಡೆಯುತ್ತವೆ. ಪೆಟ್ಟಿಗೆಯೇ ಕೆಟ್ಟರೆ ಮಾತ್ರ ಯಾರಿಗೂ ಯಾರೂ ಇಲ್ಲ.

ಪೆಟ್ಟಿಗೆಯನ್ನು ಎರಡನೆಯ ಮಹಡಿಯಲ್ಲಿ ಇಟ್ಟೆ. ದೊಡ್ಡಬೈರಪ್ಪನವರಿಗೆ ಸಮಾಧಾನವಿಲ್ಲ. ಗಜಕೋಲು ತಂದು ಅಳೆದು ತೋರಿಸಿದರು. "ಏನ್ ಸ್ವಾಮಿ, ನನ್ ಮೇಜಿಂದ ನನ್ ಮಗನ್ ಮೇಜಿಗೆ ನಾಕಡಿ. ನಾನ್ ಅವನಿಗೆ ಒಂದ್ ಬಿಲ್ ಕಳ್ಸಕ್ಕೆ ಅದು ಎರಡ್ ಮಹಡಿ ಹತ್ತಿ ಇಳಿದ್ ಬರ್ಬೇಕಾ? ಕೈಯಲ್ಲೇ ಕೊಡ್ತೀನಿ ಬಿಡಿ." ನಾನು ಅವರಿಗೆ ಎರಡು ನಕ್ಷೆ ಬರೆದು ತೋರಿಸಿದೆ. ಮೇಜು ಎಲ್ಲಿದೆ, ವೈರು ಎಲ್ಲಿ ಹೋಗುತ್ತದೆ ಎನ್ನುವುದು ಒಂದು ನಕ್ಷೆ. ಮಾತು ಯಾರಿಂದ ಯಾರಿಗೆ ಯಾವ ದಾರಿಯಲ್ಲಿ ಮುಟ್ಟುತ್ತದೆ ಎನ್ನುವುದು ಇನ್ನೊಂದು. ಎರಡೂ ಒಂದೇ ಥರ ಇರಬೇಕಾಗಿಲ್ಲ. ಹಬ್ ಇಟ್ಟಾಗ ವೈರುಗಳು ನಡುವಿನಿಂದ ಹರಡಿಕೊಂಡಂತೆ ಕಾಣುತ್ತವೆ. ಆದರೆ ಒಬ್ಬ ಆಡಿದ್ದು ಎಲ್ಲರಿಗೂ ಹೋಗುತ್ತದೆ, ಹಳೆಯ ಒಂದೇ ಕೇಬಲಿನಲ್ಲಿ ಹೋದ ಹಾಗೆಯೇ. ಮಾತಿನ ತಲೆಯ ಮೇಲೆ ವಿಳಾಸ ಇರುತ್ತದೆ. ತನ್ನದಲ್ಲದ್ದನ್ನು ಉಳಿದವು ಮುಟ್ಟುವುದಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರೂ ನಿಲ್ಲಿಸಿ, ಒಂದಿಷ್ಟು ಹೊತ್ತು ತಡೆದು, ಮತ್ತೆ ಶುರುಮಾಡುತ್ತಾರೆ. ನಮ್ಮ ಮನೆಯಲ್ಲಿ ಯಾರಿಗೂ ಬರದ ವಿದ್ಯೆ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ಹಬ್ ತಾನಾಗಿ ಏನೂ ಸೇರಿಸುವುದಿಲ್ಲ. ದಾರಿಯಲ್ಲಿ ಏನಾದರೂ ಬದಲಾದರೆ ತಿಳಿಯಲೆಂದು ಕಳಿಸುವವನು ಎಲ್ಲ ಅಂಕಿಗಳಿಂದ ಒಂದು ಲೆಕ್ಕ ಮಾಡಿ ಕೊನೆಯಲ್ಲಿ ಬರೆದಿರುತ್ತಾನೆ. ಮುಟ್ಟಿದವನು ಮತ್ತೆ ಲೆಕ್ಕ ಮಾಡುತ್ತಾನೆ. ತಾಳೆಯಾಗದಿದ್ದರೆ ಸದ್ದಿಲ್ಲದೆ ಎಸೆಯುತ್ತಾನೆ. ನೀನು ಗಣಿತದವಳು, ನಿನಗೆ ಇದು ಹಿಡಿಸಬಹುದು.

ಡಿಸೆಂಬರಿನಲ್ಲಿ ಅಪ್ಪನ ತಿಥಿ ಬರುತ್ತದೆ. ಅಣ್ಣನಿಗೆ ನೀನಾಗಿಯೇ ಕೇಳಬೇಡ. ಅವನು ಏನಾದರೂ ಅಂದರೆ ಮಾತ್ರ ನನಗೆ ಬರೆ.

ಸಂಕರ್ಷಣ


ಮಲ್ಲೇಶ್ವರ
೨೨ ನವೆಂಬರ್ ೧೯೯೮

ಚಿರಂಜೀವಿ ಸಂಕರ್ಷಣನಿಗೆ ಆಶೀರ್ವಾದ.

ಎದೆಯಲ್ಲಿ ಕಫ ಕಟ್ಟಿ ಮೂರು ವಾರ ಮಲಗಿದ್ದೆ, ಹೆಚ್ಚು ಬರೆಯುವುದಿಲ್ಲ. ಡಿಸೆಂಬರ್ ಎಂಟು, ಮಂಗಳವಾರ, ಮಾರ್ಗಶಿರ ಬಹುಳ ಪಂಚಮಿ. ಈ ಸಲ ಬರಲಿ ಎಂದಿದ್ದಾನೆ ವೆಂಕಟ. ಎಂಟು ಗಂಟೆಯೊಳಗೆ ಹೋಗು, ಮಡಿಪಂಚೆ ಮನೆಯಿಂದಲೇ ಒಯ್ಯಿ. ಹಳೆಯದನ್ನು ಎತ್ತಬೇಡ. ಅವನೂ ಎತ್ತುವುದಿಲ್ಲ.

ನಾನು ಬರಲಾರೆ. ಬಸ್ಸು ಹತ್ತುವ ಶಕ್ತಿಯಿಲ್ಲ.

ನಿನ್ನ ಅಕ್ಕ
ಜಾನಕಮ್ಮ


ಚಾಮರಾಜಪೇಟೆ
೯ ಡಿಸೆಂಬರ್ ೧೯೯೮

ಅಕ್ಕನಿಗೆ,

ನಿನ್ನೆ ಏಳೂವರೆಗೇ ಹೋದೆ. ನಾನೂ ಮಾಧವಿಯೂ. ಮಾಧವಿ ರಾತ್ರಿಯೇ ಮಡಿಬಟ್ಟೆ ಒಣಹಾಕಿದ್ದಳು. ಅತ್ತಿಗೆ ಬಾಗಿಲು ತೆಗೆದವರು ಹಾಗೇ ಒಳಗೆ ಹೋದರು. ಅಣ್ಣ ಒದ್ದೆ ಪಂಚೆಯಲ್ಲೇ ಬಂದ.

"ಯಾರು ಬಾ ಅಂದಿದ್ದು?"

"ನೀನೇ ಅಕ್ಕನ ಕೈಲಿ ಹೇಳಿ ಕಳ್ಸಿದ್ಯಲ್ಲ."

"ಅಕ್ಕನ ಹತ್ರ ನಿನ್ನ ಹೆಸರೆತ್ತಿ ನಾಲ್ಕು ವರ್ಷ ಆಯ್ತು."

ನನಗೆ ಆಗಲೂ ಅರ್ಥವಾಗಲಿಲ್ಲ. ಅವನು ಸುಮ್ಮನೆ ಬಿಗುಮಾನ ಮಾಡುತ್ತಿದ್ದಾನೆ ಎಂದುಕೊಂಡು, "ನನ್ನ ಬೆನ್ನುನೋವು ಹೇಗಿದೆ ಅಂತೆಲ್ಲ ಕೇಳ್ತಿದ್ಯಲ್ಲ ಅಣ್ಣ" ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿಂಗೆ ಬೆನ್ನು ನೋಯತ್ತಾ?" ಎಂದ.

ವ್ಯಂಗ್ಯವಲ್ಲ ಅಕ್ಕ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

ಪುರೋಹಿತರು ಮೆಟ್ಟಿಲು ಹತ್ತುತ್ತಿದ್ದರು. ನಾವು ಇಳಿದೆವು. ಗಾಂಧಿ ಬಜಾರಿನವರೆಗೆ ನಡೆದೆವು. ಅಲ್ಲಿ ಮಾಧವಿ, "ಹಪ್ಪಳಾನೂ ಸುಳ್ಳೇನ್ರೀ" ಎಂದು ಕೇಳಿದಳು.

ನಾಲ್ಕು ವರ್ಷದಲ್ಲಿ ನೀನು ಬರೆದ ಮೂವತ್ತೊಂದು ಕಾಗದಗಳನ್ನೂ ಇದರೊಂದಿಗೆ ಕಳಿಸಿದ್ದೇನೆ. ಅಣ್ಣ ನಿಜವಾಗಿ ಹೇಳಿದ ಮಾತುಗಳ ಕೆಳಗೆ ಗೆರೆ ಎಳೆದು ವಾಪಸು ಮಾಡು. ಬೇರೆ ಏನೂ ಬರೆಯುವುದು ಬೇಡ.

ಸಂಕರ್ಷಣ


ಮಲ್ಲೇಶ್ವರ
೨೦ ಡಿಸೆಂಬರ್ ೧೯೯೮

ಚಿರಂಜೀವಿ ಸಂಕರ್ಷಣನಿಗೆ,

ಕಾಗದಗಳು ಈ ಕಟ್ಟಿನಲ್ಲಿವೆ. ಮೂವತ್ತೊಂದನ್ನೂ ಓದಿದೆ. ಎಲ್ಲಿಯೂ ಗೆರೆ ಎಳೆದಿಲ್ಲ. ಎಳೆಯಲು ಒಂದು ಸಾಲೂ ಸಿಗಲಿಲ್ಲ.

ಏನೂ ಬರೆಯಬೇಡ ಎಂದಿದ್ದೀಯ. ಬರೆಯುತ್ತೇನೆ. ನಾನು ನಿನಗಿಂತ ಹದಿನಾರು ವರ್ಷ ದೊಡ್ಡವಳು.

ನಾನು ಚಿಕ್ಕವಳಿದ್ದಾಗ ವಠಾರದಲ್ಲಿ ಓದುಬರಹ ಬಲ್ಲ ಹೆಣ್ಣು ನಾನೊಬ್ಬಳೇ. ಎಲ್ಲರ ಕಾಗದ ನಾನೇ ಬರೆಯುತ್ತಿದ್ದೆ. ಹೆಂಗಸರು ಬಂದು ಕೂತು ಮಗನ ಮೇಲೆ, ಅಣ್ಣನ ಮೇಲೆ ದೂರು ಬರೆಸುತ್ತಿದ್ದರು. ಕಣ್ಣೊರೆಸಿಕೊಂಡು, "ಅಷ್ಟೇ ಕಣಮ್ಮ, ಮಡಿಚು" ಎಂದು ಎದ್ದು ಹೋಗುತ್ತಿದ್ದರು. ಹಾಗೇ ಮಡಿಸಿದರೆ ಅದು ಕಾಗದವಾಗುತ್ತದೆಯೇ? ನಿನ್ನನ್ನು ದಿನಾ ನೆನೆಸುತ್ತೇವೆ, ಮೈ ನೋಡಿಕೋ ಎಂದು ಕೊನೆಗೆ ಒಂದು ಸಾಲು ನಾನೇ ಹಾಕುತ್ತಿದ್ದೆ. ಯಾರೂ ಆಡಿರುತ್ತಿರಲಿಲ್ಲ. ಉತ್ತರ ಬಂದಾಗ ಯಾರೂ ಬೇಡವೆನ್ನಲೂ ಇಲ್ಲ. ಆ ಸಾಲು ಬರೆಯುವುದು ಬರೆಯುವವಳ ಕೆಲಸ ಎಂದೇ ತಿಳಿದು ಬೆಳೆದೆ. ನಿನಗೂ ಹಾಗೇ ಬರೆದೆ. ಸುಳ್ಳು ಬರೆಯುತ್ತಿದ್ದೇನೆಂದು ಒಂದು ದಿನವೂ ಅನ್ನಿಸಲಿಲ್ಲ. ತಿಥಿಗೆ ಬಾ ಎಂದು ಬರೆದ ದಿನ ಮಾತ್ರ ಅನ್ನಿಸಿತು. ಹೊಸ್ತಿಲಲ್ಲಿ ನೀನು ನಿಂತದ್ದನ್ನು ಕಂಡರೆ ಅವನು ಕರಗುತ್ತಾನೆ ಎಂದುಕೊಂಡೆ.

ನಿನ್ನ ಮಾತುಗಳನ್ನು ಅವನಿಗೆ ಬರೆದದ್ದು ನಿಜ. ಒಂದಕ್ಷರ ಸೇರಿಸಿಲ್ಲ, ಸೇರಿಸುವ ಅಗತ್ಯ ಬೀಳಲಿಲ್ಲ. ನಿನ್ನ ಹೆಸರು ಕಂಡರೆ ಅವನು ಮುಂದೆ ಓದುತ್ತಿರಲಿಲ್ಲ ಎಂದು ನಿನ್ನ ಅತ್ತಿಗೆ ಆಮೇಲೆ ಹೇಳಿದಳು.

ತಪ್ಪಾಯಿತು. ಬಾಯಿಮಾತಿಗಲ್ಲ, ನೋವಿನಿಂದ ಬರೆಯುತ್ತಿದ್ದೇನೆ. ಒಂದು ಸಲ ಬಂದು ಹೋಗು.

ಜಾನಕಮ್ಮ


ಮಲ್ಲೇಶ್ವರ
೩೧ ಜನವರಿ ೧೯೯೯

ಸಂಕರ್ಷಣನಿಗೆ,

ನೀನು ಉತ್ತರ ಬರೆಯಲಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ಕಳಿಸಿದ್ದೆ, ಅದೂ ಹಾಗೇ ವಾಪಸು ಬಂತು.

ನಿನ್ನೆ ವೆಂಕಟ ಬಂದಿದ್ದ. ಮುಕ್ಕಾಲು ಗಂಟೆ ಕೂತಿದ್ದ. ಸಂಕುವಿನ ಬೆನ್ನಿಗೆ ಯಾವ ಡಾಕ್ಟರು, ಏನು ಔಷಧ ಎಂದು ಕೇಳಿದ. ಮುಂದಿನ ಆದಿತ್ಯವಾರ ಮತ್ತೆ ಬರುತ್ತೇನೆ ಎಂದ.

ಇದನ್ನು ನಾನು ಸೇರಿಸಿಲ್ಲ. ಹೇಗೆ ನಂಬಿಸಲಿ, ಗೊತ್ತಾಗುತ್ತಿಲ್ಲ. ಮುನಿಲಕ್ಷ್ಮಮ್ಮನಿಂದ ಕೆಳಗೆ ಸಾಕ್ಷಿಯ ಹೆಬ್ಬೆಟ್ಟು ಒತ್ತಿಸಲೇ ಎಂದು ಯೋಚಿಸಿದೆ. ಆದಿತ್ಯವಾರ ನೀನೂ ಬಾ. ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಉಸಿರು ಸಾಲುತ್ತಿಲ್ಲ, ಇಷ್ಟು ಬರೆಯಲು ಬೆಳಗ್ಗೆಯಿಂದ ಕೂತಿದ್ದೇನೆ.

ಅಕ್ಕ


ಚಾಮರಾಜಪೇಟೆ
೮ ಫೆಬ್ರವರಿ ೧೯೯೯, ಸೋಮವಾರ

ಅಣ್ಣನಿಗೆ ಸಂಕರ್ಷಣನ ನಮಸ್ಕಾರಗಳು.

ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಇವತ್ತು ಹರಿಶ್ಚಂದ್ರ ಘಾಟಿನಲ್ಲಿ ಅಕ್ಕನ ಚಿತೆಯ ಈ ಕಡೆ ನಾನು, ಆ ಕಡೆ ನೀನು ನಿಂತಿದ್ದೆವು. ಎರಡು ಸಲ ನಿನ್ನ ಹತ್ತಿರ ಬಂದೆ. ನೀನು ಮುಖ ತಿರುಗಿಸಿದೆ. ಮನೆಗೆ ಬಂದು ಮುನಿಲಕ್ಷ್ಮಮ್ಮನವರ ಫೋನಿಗೆ ಮಾಡಿ ನಿನ್ನನ್ನು ಕರೆಸಿದೆ, ನನ್ನ ದನಿ ಕೇಳಿ ನೀನು ಇಟ್ಟುಬಿಟ್ಟೆ. ಆದ್ದರಿಂದ ಬರೆಯುತ್ತಿದ್ದೇನೆ.

ಶನಿವಾರ ಸಂಜೆ ನಾನು ಅಕ್ಕನಿಗೆ ಒಂದು ಲಕೋಟೆ ಹಾಕಿದ್ದೆ. ಭಾನುವಾರ ಅವಳು ಹೋದಳು. ಅದು ಇನ್ನೂ ದಾರಿಯಲ್ಲಿದೆ. ಮಲ್ಲೇಶ್ವರದ ಪೋಸ್ಟಾಫೀಸಿಗೆ ಹೋಗಿ ಕೇಳಿದೆ, ಕೈಗೆ ಕೊಡಲು ಆಗುವುದಿಲ್ಲ ಎಂದರು. ಕರ್ಮಗಳು ಮುಗಿಯುವವರೆಗೆ ನೀನು ಅಕ್ಕನ ಮನೆಯಲ್ಲೇ ಇರುತ್ತೀಯೆಂದು ಮುನಿಲಕ್ಷ್ಮಮ್ಮ ಹೇಳಿದರು. ನೀಲಿ ಶಾಯಿಯಲ್ಲಿ ನನ್ನ ಕೈಬರಹದ ವಿಳಾಸ ಇರುತ್ತದೆ. ದಯವಿಟ್ಟು ಒಡೆಯಬೇಡ. ಹಾಗೇ ಸುಟ್ಟುಬಿಡು.

ನೀನು ಬಂದಿದ್ದೆ ಎಂದು ಅಕ್ಕ ಬರೆದಿದ್ದಳು. ನಾನು ನಂಬಲಿಲ್ಲ. ಮತ್ತೆ ಶುರುಮಾಡಿದಳು ಎಂದು ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲಿ ಬರೆದದ್ದು ಅದು, ನನ್ನ ಮನಸ್ಸಲ್ಲ. ನಿನ್ನೆ ಸುದ್ದಿ ಕೇಳಿ ಅಕ್ಕನ ಮನೆಗೆ ಹೋದೆನಲ್ಲ, ಅಲ್ಲಿ ಮುನಿಲಕ್ಷ್ಮಮ್ಮ, "ದೊಡ್ಡೋರು ಹೋದ್ ವಾರಾನೂ ಬಂದಿದ್ರಲ್ಲಪ್ಪ" ಎಂದಾಗ ಅಕ್ಕ ಬರೆದದ್ದು ನಿಜವೆಂದು ಗೊತ್ತಾಯಿತು.

ಒಡೆಯಬೇಡ ಅಣ್ಣ. ಇದೊಂದು ಮಾತು ನಡೆಸಿಕೊಡು.

ಸಂಕರ್ಷಣ


ಮಲ್ಲೇಶ್ವರ
೧೧ ಫೆಬ್ರವರಿ ೧೯೯೯

ಸಂಕರ್ಷಣನಿಗೆ,

ನಿನ್ನ ಲಕೋಟೆ ಮಂಗಳವಾರ ಬಂತು. ಒಡೆಯಬೇಡ ಎಂಬ ಕಾಗದ ಬುಧವಾರ ಬಂತು.

ಅಕ್ಕನ ಹೆಸರಿಗೆ ಬಂದ ಕೊನೆಯ ಕಾಗದ, ಅವಳ ದೀಪದ ಮುಂದೆ ಓದೋಣವೆಂದು ಒಡೆದೆ. ನಿನ್ನ ಅತ್ತಿಗೆ, ಮುನಿಲಕ್ಷ್ಮಮ್ಮ, ವಠಾರದ ಇನ್ನಿಬ್ಬರು ಕೂತಿದ್ದರು. ಗಟ್ಟಿಯಾಗಿ ಓದಿದೆ. "ಅವನು ಸತ್ತರೂ ನನಗೆ ಹೇಳಿ ಕಳಿಸಬೇಡ" ಎಂಬ ಸಾಲಿಗೆ ಬಂದ ಮೇಲೆ ಅದು ಯಾರ ವಿಷಯವೆಂದು ತಿಳಿಯಿತು. ಅಷ್ಟು ಹೊತ್ತಿಗೆ ಬಾಯಿಂದ ಹೊರಗೆ ಬಂದಾಗಿತ್ತು. ಅಕ್ಕನನ್ನು ನೀನು ಏನೇನು ಅಂದಿದ್ದೀಯೆಂಬುದನ್ನು ಆಮೇಲೆ ಮನಸ್ಸಿನಲ್ಲೇ ಓದಿಕೊಂಡೆ.

ತಿಥಿಯ ದಿನ ನೀವಿಬ್ಬರೂ ಮೆಟ್ಟಿಲಿಳಿದು ಹೋದ ಮೇಲೆ ನನಗೆ ಊಟ ಸೇರಲಿಲ್ಲ. ತಮ್ಮನಿಗೆ ಬೆನ್ನು ನೋಯುವುದು ನನಗೆ ಗೊತ್ತಿಲ್ಲವಲ್ಲ ಎಂಬುದು ದಿನಾ ಚುಚ್ಚುತ್ತಿತ್ತು. ಅದಕ್ಕೇ ಜನವರಿಯಲ್ಲಿ ಅಕ್ಕನ ಹತ್ತಿರ ಹೋದೆ. ಕಳೆದ ಆದಿತ್ಯವಾರ ಮತ್ತೆ ಹೋದೆ. ನಿನಗೆ ಒಂದು ಮಾತು ಬರೆಸಬೇಕಾಗಿತ್ತು. ನಾನೇ ಬರೆಯಬಹುದಿತ್ತು. ಐವತ್ತೈದು ವರ್ಷದ ಬಿಂಕ, ಕೈ ಏಳಲಿಲ್ಲ. ಅವಳ ಕಿವಿಯಲ್ಲಿ ಕೂಗಿದರೆ ವಠಾರಕ್ಕೆಲ್ಲ ಕೇಳುತ್ತದೆಂದು ಗೂಟದಲ್ಲಿದ್ದ ಸ್ಲೇಟು ತೆಗೆದು ಅದರ ಮೇಲೆ ಬರೆದು ತೋರಿಸಿದೆ. ಆರು ಸಾಲು. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ಇದಕ್ಕೆ ನಾನೇನೂ ಸೇರಿಸೋದು ಬೇಡ ಕಣೋ. ಅವನು ಇವತ್ತು ಬರ್ತಾನೆ, ನೀನೇ ಕೊಡು" ಎಂದಳು. ಸಂಜೆಯವರೆಗೆ ಕಾದೆವು. ಗೇಟಿನ ಸದ್ದು ತನಗೆ ಕೇಳುವುದಿಲ್ಲವೆಂದು ನನ್ನ ಮುಖವನ್ನೇ ನೋಡುತ್ತಿದ್ದಳು. ಐದು ಗಂಟೆಗೆ ಉಸಿರು ಎಳೆಯತೊಡಗಿತು. ನೀರು ಬೇಕೇ ಎಂದು ಬರೆಯಲು ನಾನೇ ಸ್ಲೇಟು ಒರೆಸಿದೆ.

ಆ ಆರು ಸಾಲಿನಲ್ಲಿ ಏನಿತ್ತೆಂದು ಕೇಳಬೇಡ. ಆದಿತ್ಯವಾರ ಅದು ನಿಜವಾಗಿತ್ತು. ಈಗ ಬರೆದರೆ ಸುಳ್ಳಾಗುತ್ತದೆ.

ವೈಕುಂಠ ಸಮಾರಾಧನೆ ಹತ್ತೊಂಬತ್ತನೆಯ ತಾರೀಖು, ಶುಕ್ರವಾರ, ಇಲ್ಲೇ ಅಕ್ಕನ ಮನೆಯಲ್ಲಿ. ಬಂದರೆ ಎಲೆ ಹಾಕಿಸುತ್ತೇನೆ. ನನ್ನನ್ನು ಮಾತಾಡಿಸಬೇಡ.

ವೆಂಕಟಾಚಲ